ಒಂದು ಗಳಿಗೆಯ ಗಾಳಿ

ಬರಗಾಲಕ್ಕೆ ಚರಿತ್ರೆಯುಂಟು, ನೆರೆಗೆ ಚರಿತ್ರೆಯುಂಟು, ಮುತ್ತಿಗೆಗೂ ಮಹಾಮಾರಿಗೂ ಉಂಟು. ಆದರೆ ವೈಶಾಖದ ಒಂದು ಇಳಿಹೊತ್ತಿನಲ್ಲಿ ಗುಡುಗಿನೊಡನೆ ಎದ್ದು, ಮನೆಗಳ ಮಾಡನ್ನು ಕಿತ್ತು, ಹಾದಿಯ ಮರಗಳನ್ನು ಕೆಡಹಿ, ದೀಪ ಹಚ್ಚುವ ವೇಳೆಗೆ ಅಡಗಿಹೋಗುವ ಗಾಳಿಗೆ ಚರಿತ್ರೆಯನ್ನು ಬರೆದವರು ವಿರಳ. ಬೆಳಗಾವಿ ಸೀಮೆಯ ಪೂರ್ವವೃತ್ತಾಂತಗಳನ್ನು ಅರಸಹೊರಟವನಿಗೆ ಈ ಪಕ್ಷಪಾತ ಬಹುಬೇಗ ಗೋಚರವಾಗುತ್ತದೆ. ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ 1884ರಲ್ಲಿ ಹೊರಬಂದ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ 21ನೆಯ ಸಂಪುಟ ಈ ಜಿಲ್ಲೆಗೇ ಮೀಸಲಾದುದು. 1791-92ರ ಭೀಕರ ಕ್ಷಾಮವನ್ನಾಗಲಿ 1876-77ರ ಹಸಿವನ್ನಾಗಲಿ ಅದು ಮರೆತಿಲ್ಲ. ನಮ್ಮ ಕಾಲದಲ್ಲಿಯೂ 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭೆಗಳು ಏಕಕಾಲಕ್ಕೆ ದಡಮೀರಿ ಹರಿದುದು ಸರಕಾರದ ದಫ್ತರಗಳಲ್ಲಿಯೂ ಜನರ ಬಾಯಲ್ಲಿಯೂ ದೃಢವಾಗಿ ನಿಂತಿದೆ. ಒಂದು ಗಳಿಗೆಯ ಕಾಲ ಬೀಸಿ ನಿಂತ ಗಾಳಿಗಾದರೋ ಅಂಥ ಭಾಗ್ಯವಿಲ್ಲ. ಅದು ನಾಲ್ಕು ಓಣಿಗಳನ್ನು ಹಾಳುಮಾಡಿ ಐದನೆಯದನ್ನು ಮುಟ್ಟದೆ ಹೋಗಿರುತ್ತದೆ. ಜಿಲ್ಲೆಗೆ ಅದು ಆಪತ್ತಲ್ಲ, ತಾಲೂಕಿಗೂ ಅಲ್ಲ, ಮಾಡು ಕಳೆದುಕೊಂಡ ಹತ್ತಿಪ್ಪತ್ತು ಮನೆಗಳಿಗೆ ಮಾತ್ರ ಆಪತ್ತು. ಆದುದರಿಂದ ಅದರ ಚರಿತ್ರೆಯನ್ನು ಹುಡುಕುವವನು ಪುಸ್ತಕವನ್ನು ಬಿಟ್ಟು ಮನೆಗಳ ಮೇಲ್ಛಾವಣಿಯನ್ನೇ ಓದಬೇಕಾಗುತ್ತದೆ.

ಮೊದಲು ನೆಲದ ವಿಚಾರ. ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು 2500 ಅಡಿಗಳ ಎತ್ತರದಲ್ಲಿದೆ. ಅರಬ್ಬೀ ಸಮುದ್ರವು ಪಶ್ಚಿಮಕ್ಕೆ ನೂರು ಕಿಲೋಮೀಟರುಗಳಷ್ಟೇ ದೂರ. ನಗರದ ದಕ್ಷಿಣಕ್ಕೆ ಹದಿನಾರು ಮೈಲಿಗಳಷ್ಟು ಹೋದರೆ ಮಲಪ್ರಭೆಯ ದಂಡೆಯ ಮೇಲೆ ಖಾನಾಪುರ. ಅಲ್ಲಿಂದ ಪಶ್ಚಿಮಕ್ಕೆ ಜಾಂಬೋಟಿಯ ಕಾಡುಗಳನ್ನು ದಾಟಿ ಏರಿದರೆ ಆ ನದಿ ಹುಟ್ಟುವ ಕಣಕುಂಬಿ. ಒಂದೇ ಜಿಲ್ಲೆಯೊಳಗೆ ಮಳೆಯ ಅಂತರ ಆಶ್ಚರ್ಯಕರವಾದುದು: ಕಣಕುಂಬಿ, ಆಮಗಾವಗಳಲ್ಲಿ ವರ್ಷಕ್ಕೆ ಕೆಲವು ಸಾವಿರ ಮಿಲಿಮೀಟರುಗಳು ಸುರಿದರೆ ಪೂರ್ವೋತ್ತರದ ಅಥಣಿಯ ಕಡೆಗೆ ಐದಾರುನೂರು ಬಂದರೆ ಸಮಾಧಾನ. ಬೆಳಗಾವಿ ಇವೆರಡರ ನಡುವೆ, ಮಲೆನಾಡಿನ ಕೊನೆಯೂ ಬಯಲುಸೀಮೆಯ ಮೊದಲೂ ಆಗಿ ನಿಂತಿದೆ. ಬಡವರ ಮಹಾಬಳೇಶ್ವರವೆಂದು ಅದನ್ನು ಕೊಂಡಾಡಿದವರು ಅದರ ತಂಪುಗಾಳಿಯನ್ನು ಕುರಿತೇ ಹಾಗೆಂದುದು; ಆದರೆ ತಂಪನ್ನು ತರುವ ಸ್ಥಾನವೇ ಬಿರುಗಾಳಿಯನ್ನೂ ತರುತ್ತದೆ.

ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ ಕೂಡಿದ ದಿನದಿಂದ ಜೂನ್ 7ರ ಸುಮಾರಿಗೆ ಮೃಗಶಿರಾ ಕೂಡುವವರೆಗೆ, ಎಂದರೆ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿಗಳೆಂಬ ನಾಲ್ಕು ನಕ್ಷತ್ರಗಳ ಅವಧಿಯಲ್ಲಿ, ಈ ಸೀಮೆಯಲ್ಲಿ ಬೀಳುವುದು ಅಡ್ಡಮಳೆ. ಮರಾಠಿ ಮಾತನಾಡುವ ನೆರೆಯವರು ಅದನ್ನೇ ವಳೀವವೆನ್ನುತ್ತಾರೆ. ಮುಂಗಾರು ಪಶ್ಚಿಮದಿಂದ ಬರುವುದೆಂಬ ನಿಶ್ಚಯವಿದೆ, ಅದಕ್ಕೆ ಬೆನ್ನು ಕೊಟ್ಟು ಮನೆ ಕಟ್ಟಬಹುದು, ಅತ್ತಕಡೆಯ ಗೋಡೆಗೆ ತಟ್ಟಿ ಕಟ್ಟಬಹುದು. ಅಡ್ಡಮಳೆಗೆ ಅಂಥ ದಿಕ್ಕಿನ ನಿಯಮವಿಲ್ಲ. ದಖ್ಖನಿನ ಕಾದ ಬಂಡೆಯ ಮೇಲಣ ಒಣಗಾಳಿಯೂ ಘಟ್ಟವನ್ನೇರಿ ಬಂದ ಸಮುದ್ರದ ತೇವದ ಗಾಳಿಯೂ ಸಂಧಿಸುವ ರೇಖೆಯೊಂದು ಆ ದಿನಗಳಲ್ಲಿ ಪ್ರಸ್ಥಭೂಮಿಯ ಮೇಲೆ ಉದ್ದಕ್ಕೆ ಹಾಸಿಕೊಂಡಿರುತ್ತದೆ; ಮಧ್ಯಾಹ್ನದ ಕಾವು ಆ ರೇಖೆಯ ಮೇಲೆ ತೇವವನ್ನು ಎತ್ತಿ ಎತ್ತಿ, ಹನ್ನೆರಡು ಹದಿನೈದು ಕಿಲೋಮೀಟರುಗಳ ಎತ್ತರದವರೆಗೆ ಬೆಳೆಯುವ ಮೋಡಗಳನ್ನು ನಿರ್ಮಿಸುತ್ತದೆ. ಅಂಥ ಮೋಡದೊಳಗಿಂದ ಮಳೆಯೂ ಆಣೆಕಲ್ಲೂ ಕೆಳಗಿಳಿಯತೊಡಗಿದಾಗ ಹನಿಗಳ ಒಂದು ಭಾಗ ದಾರಿಯಲ್ಲಿಯೇ ಆವಿಯಾಗಿ ಸುತ್ತಣ ಗಾಳಿಯನ್ನು ತಂಪುಮಾಡುತ್ತದೆ. ತಂಪಾದ ಗಾಳಿ ಭಾರವಾಗುತ್ತದೆ. ಭಾರವಾದುದು ವೇಗದಿಂದ ಇಳಿದು, ಎತ್ತಿ ಸುರಿದ ಕೊಡದ ನೀರು ಅಂಗಳದಲ್ಲಿ ಸುತ್ತಲೂ ಹರಡುವಂತೆ ನೆಲಕ್ಕೆ ತಾಗಿ ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಮಳೆಯ ಮೊದಲ ಹನಿ ಬೀಳುವುದಕ್ಕೆ ಮುಂಚೆ ಮಣ್ಣಿನ ವಾಸನೆಯೊಡನೆ ಧೂಳನ್ನೆಬ್ಬಿಸಿ ಬರುವ ತಣ್ಣನೆಯ ಗಾಳಿ ಅದೇ. ಮಾಡು ಹಾರುವುದು ಬಹುತೇಕ ಆ ಮೊದಲ ಕೆಲವು ನಿಮಿಷಗಳಲ್ಲಿ.

ಮೇಲಿನಿಂದ ಬಿದ್ದ ಗಾಳಿ ನೆಲದ ಮೇಲೆ ಹೀಗೆ ಹರಡುವುದೆಂಬ ಸಂಗತಿಯನ್ನು ಶಾಸ್ತ್ರಜ್ಞರು ಖಚಿತಪಡಿಸಿಕೊಂಡುದು ಬಹಳ ಹಿಂದಿನ ಮಾತಲ್ಲ. ಜಪಾನಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡಿದ ಟೆಟ್ಸುಯಾ ಫುಜಿಟಾ ಎಂಬ ವಿದ್ವಾಂಸರು 1945ರಲ್ಲಿ ಹಿರೋಶಿಮಾ, ನಾಗಸಾಕಿಗಳ ಭಗ್ನಾವಶೇಷಗಳನ್ನು ಪರಿಶೀಲಿಸಲು ಹೋದಾಗ, ಸ್ಫೋಟಬಿಂದುವಿನಿಂದ ಹೊರಕ್ಕೆ ಮುಖಮಾಡಿ ಮಲಗಿದ್ದ ಮರಗಳನ್ನು ಕಂಡಿದ್ದರು. 1974ರಲ್ಲಿ ಅಮೆರಿಕದ ಮಹಾ ಸುಂಟರಗಾಳಿಗಳ ತರುವಾಯ ವಿಮಾನದಿಂದ ಕಾಡನ್ನು ನೋಡುತ್ತಿದ್ದಾಗ ಅದೇ ವಿನ್ಯಾಸ ಮತ್ತೆ ಅವರ ಕಣ್ಣಿಗೆ ಬಿದ್ದಿತು: ಸುಂಟರಗಾಳಿಯಲ್ಲಿ ಸುತ್ತಿ ಬೀಳಬೇಕಾಗಿದ್ದ ಮರಗಳು ಒಂದು ಕೇಂದ್ರದಿಂದ ಎಲ್ಲ ಕಡೆಗೂ ನೇರವಾಗಿ ಬಿದ್ದಿದ್ದುವು. ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗುಮಳೆಯಲ್ಲಿ ನೆಲಕ್ಕಪ್ಪಳಿಸಿದುದರ ಕಾರಣವನ್ನು ಶೋಧಿಸುತ್ತ ಅವರು ಈ ಇಳಿಗಾಳಿಯ ಸಿದ್ಧಾಂತವನ್ನು ಮಂಡಿಸಿದರು. ಬಿದ್ದ ಮರವು ಯಾವ ದಿಕ್ಕಿಗೆ ತಲೆಮಾಡಿ ಬಿದ್ದಿದೆಯೆಂಬುದನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಇದ್ದಿದ್ದರೆ, ಖಾನಾಪುರದ ಕಾಡಂಚಿನ ಪ್ರತಿಯೊಂದು ಬಿರುಗಾಳಿಗೂ ಒಂದು ನಕ್ಷೆ ಇಂದು ನಮ್ಮ ಕೈಯಲ್ಲಿರುತ್ತಿತ್ತು. ಮರವನ್ನು ಹಾದಿಯಿಂದ ತೆಗೆಯುವ ಅವಸರದಲ್ಲಿ ಆ ಸಾಕ್ಷ್ಯ ಮೊದಲ ದಿನವೇ ಅಳಿಸಿಹೋಗುತ್ತದೆ.

ಇಂಥದೇ ಬಿರುಗಾಳಿಯಾದ ಬಂಗಾಳದವರ ಕಾಲವೈಶಾಖಿಗೆ ದೇಶದಲ್ಲೆಲ್ಲ ಪ್ರಸಿದ್ಧಿಯುಂಟು. ಉತ್ತರ ಹಿಂದುಸ್ತಾನದ ಆಂಧಿಯನ್ನು ಅರಿಯದವರಿಲ್ಲ. 1888ರ ಏಪ್ರಿಲ್ 30ರಂದು ಮೊರಾದಾಬಾದಿನಲ್ಲಿ ಆಣೆಕಲ್ಲು ಬಿದ್ದು 246 ಜನರು ಸತ್ತುದನ್ನು ಜಗತ್ತಿನ ಹವಾಮಾನ ಸಂಸ್ಥೆಯೇ ದಾಖಲೆಯಾಗಿ ಇರಿಸಿಕೊಂಡಿದೆ. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ದೃಷ್ಟಿ ಮೊದಲಿನಿಂದಲೂ ಎರಡು ಮಹತ್ಕಾರ್ಯಗಳ ಮೇಲೆ ನೆಟ್ಟಿತ್ತು, ಒಂದು ಮುಂಗಾರು, ಇನ್ನೊಂದು ಸಮುದ್ರದ ಚಂಡಮಾರುತ. ಕ್ಷಾಮದಿಂದಲೂ ಹಡಗುಗಳ ನಾಶದಿಂದಲೂ ಪ್ರೇರಿತವಾದ ಸಂಸ್ಥೆಗೆ ಅದು ಸಹಜವೇ. ದಖ್ಖನಿನ ಸಂಜೆಗಾಳಿ ಯಾರಿಗೂ ತುರ್ತಿನದಾಗಲಿಲ್ಲ. ಅಷ್ಟೇ ಅಲ್ಲ, ರೈತನಿಗೆ ಅದು ಬೇಕಾದ ಗಾಳಿಯೂ ಹೌದು. ಅಡ್ಡಮಳೆ ಬಾರದೆ ನೆಲ ಹದವಾಗದು, ನೇಗಿಲು ಹೂಡಲಾಗದು. ಖಾನಾಪುರದ ಭತ್ತದ ಗದ್ದೆಗಳ ಮೊದಲ ಉಳುಮೆ ಇದೇ ಮಳೆಯನ್ನು ನಂಬಿದೆ. ತನ್ನ ಹೊಲಕ್ಕೆ ಬರಲೆಂದು ಹಾರೈಸಿದ ಮೋಡವೇ ತನ್ನ ಮನೆಯ ಮಾಡನ್ನು ಕೊಂಡೊಯ್ದಾಗ ಮನುಷ್ಯನು ಯಾರ ಮೇಲೆ ದೂರು ಹೇಳಬೇಕು? ಈ ಗಾಳಿಯ ಚರಿತ್ರೆ ಬರೆಯಲ್ಪಡದಿರುವುದಕ್ಕೆ ಈ ದ್ವಂದ್ವವೂ ಒಂದು ಕಾರಣವೆಂದು ನನ್ನ ಊಹೆ.

ಈಗ ಮಾಡಿನ ಮಾತಿಗೆ ಬರೋಣ. ಈ ನಾಡಿನಲ್ಲಿ ಪ್ರಾಚೀನವಾಗಿ ಉಳಿದುಬಂದುದೆಲ್ಲ ಕಲ್ಲಿನದು. ಖಾನಾಪುರ ತಾಲೂಕಿನ ಹಲಸಿ, ಕದಂಬರ ಕಾಲದ ಪಲಾಶಿಕೆ, ತನ್ನ ಭೂವರಾಹ ನರಸಿಂಹನ ದೇಗುಲದೊಡನೆ ನಿಂತಿದೆ. ಬೆಳಗಾವಿಯ ಕೋಟೆಯೊಳಗೆ ರಟ್ಟ ದೊರೆ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, 1204ರ ಸುಮಾರಿಗೆ, ಎದ್ದ ಕಮಲ ಬಸದಿ ತನ್ನ ಕಲ್ಲಿನ ತಾವರೆಯನ್ನು ಛತ್ತಿನಲ್ಲಿ ಹಿಡಿದುಕೊಂಡು ಎಂಟು ಶತಮಾನಗಳ ಅಡ್ಡಮಳೆಗಳನ್ನು ಕಳೆದಿದೆ. ಆದರೆ ಆ ಬಸದಿಯನ್ನು ಕಟ್ಟಿದ ಕಲ್ಲುಕುಟಿಗರ ಮನೆಗಳು ಎಲ್ಲಿ? ವೇಣುಗ್ರಾಮವೆನಿಸಿದ್ದ ಅಂದಿನ ಬೆಳಗಾವಿಯ ಸಾಮಾನ್ಯ ಪ್ರಜೆಯು ವಾಸಿಸಿದ ಗುಡಿಸಲಿನ ಒಂದು ಜಂತಿಯೂ ನಮಗುಳಿದಿಲ್ಲ. ಗಾಳಿಯ ಹಾನಿಯ ಚರಿತ್ರೆಯೆಂದರೆ ಉಳಿಯದೆ ಹೋದ ಈ ಮನೆಗಳ ಚರಿತ್ರೆ.

ಹುಲ್ಲಿನ ಮಾಡು ಗಾಳಿಗೆ ಬೇಗ ಸೋಲುತ್ತಿತ್ತು, ಆದರೆ ಸೋತರೂ ಯಾರನ್ನೂ ಕೊಲ್ಲುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅದೇ ಹುಲ್ಲನ್ನು ಆಯ್ದುತಂದು ಮತ್ತೆ ಹೊದಿಸಲಾಗುತ್ತಿತ್ತು. ಪೂರ್ವದ ಸವದತ್ತಿ, ರಾಮದುರ್ಗಗಳ ಕಡೆಗೆ ಮಳೆ ಕಡಿಮೆಯಾದುದರಿಂದ ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು ಹರವಿದ ಮಾಳಿಗೆಮನೆಗಳು ರೂಢಿಗೆ ಬಂದುವು. ಮೊಳದೆತ್ತರದ ಮಣ್ಣನ್ನು ಹಾರಿಸಬಲ್ಲ ಗಾಳಿ ಆ ನಾಡಿನಲ್ಲಿ ಹುಟ್ಟಿಲ್ಲ. ಪಶ್ಚಿಮಕ್ಕೆ, ಮಳೆ ಹೆಚ್ಚಿದ ಕಡೆಗೆ, ಮಾಳಿಗೆ ನಿಲ್ಲಲಾರದು. ಅಲ್ಲಿ ಇಳಿಜಾರಿನ ಮಾಡು, ಅದರ ಮೇಲೆ ಕುಂಬಾರನು ತಿಗರಿಯ ಮೇಲೆ ತಿರುಗಿಸಿ ಸೀಳಿದ ನಾಡಹಂಚು. ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ ಇವೆರಡೂ ಸೇರುತ್ತಿದ್ದುವು. ನಾಡಹಂಚಿಗೆ ಮೊಳೆಯಿಲ್ಲ, ಕೊಂಡಿಯಿಲ್ಲ. ಒಂದರ ಮೇಲೊಂದು ಕುಳಿತಿರುವುದೇ ಅದರ ಬಲ. ಪ್ರತಿವರ್ಷ ಮೃಗಶಿರಾಕ್ಕೆ ಮುಂಚೆ ಏಣಿ ಹಾಕಿ ಹಂಚು ತಿರುವಿಸುವುದು ಮನೆಯ ನೇಮವಾಗಿದ್ದಿತು. ಬೆಕ್ಕು ಮಂಗಗಳ ಕಾಟದಿಂದ ಸರಿದವುಗಳನ್ನೂ ಗಾಳಿ ಎಳೆದವುಗಳನ್ನೂ ಒಂದೇ ಬಾರಿಗೆ ಸರಿಪಡಿಸಲಾಗುತ್ತಿತ್ತು. ಹಾನಿಯು ಆ ವಾರ್ಷಿಕ ಕೆಲಸದಲ್ಲಿ ಕರಗಿಹೋಗುತ್ತಿದ್ದುದರಿಂದ ಅದಕ್ಕೊಂದು ಲೆಕ್ಕವೆಂಬುದೇ ಹುಟ್ಟಲಿಲ್ಲ.

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಒಂದರೊಳಗೊಂದು ಕಚ್ಚಿಕೊಳ್ಳುವ ತೋಡುಗಳುಳ್ಳ ಆ ಚಪ್ಪಟೆ ಹಂಚು, ದಕ್ಷಿಣ ಮರಾಠಾ ರೈಲ್ವೆ 1880ರ ದಶಕದಲ್ಲಿ ಈ ಕಡೆಗೆ ಹಳಿ ಹಾಕಿದ ತರುವಾಯ, ಒಳನಾಡನ್ನು ಸುಲಭವಾಗಿ ಸೇರಲು ಶಕ್ತವಾಯಿತು. ಲೋಂಡಾ ಮಾರ್ಗದ ಮೇಲಿದ್ದ ಖಾನಾಪುರಕ್ಕೆ ನದಿಯೂ ಇತ್ತು, ಕಾಡಿನ ಕಟ್ಟಿಗೆಯೂ ಇತ್ತು, ಎಲ್ಲಕ್ಕೂ ಮಿಗಿಲಾಗಿ ಹದವಾದ ಜೇಡಿಮಣ್ಣು ಇತ್ತು; ಅಲ್ಲಿ ಹಂಚಿನ ಕಾರ್ಖಾನೆಗಳು ಎದ್ದುವು, ಮುಂದೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆಯೂ ಅದೇ ಮಣ್ಣನ್ನು ನೆಚ್ಚಿ ಬಂದಿತು. ಕೌಲು ಎಂದು ಈ ಕಡೆಯವರು ಕರೆಯುವ ಈ ಹಂಚು ಒಂದೊಂದು ಎರಡರಿಂದ ಎರಡೂವರೆ ಕಿಲೋಗ್ರಾಂ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಬೇಕು. ಎಂದರೆ ಮಾಡಿನ ಪ್ರತಿ ಚದರ ಮೀಟರಿನ ಮೇಲೆ ಮೂವತ್ತರಿಂದ ಮೂವತ್ತೆಂಟು ಕಿಲೋಗ್ರಾಂ ಭಾರ ಕುಳಿತಿರುತ್ತದೆ. ಅದೂ ಅಲ್ಲದೆ ಹಂಚು ಹಂಚಿನ ಸಂದುಗಳಲ್ಲಿ ಗಾಳಿಯಾಡುತ್ತದೆ. ಮನೆಯೊಳಗಣ ಒತ್ತಡವೂ ಹೊರಗಣ ಒತ್ತಡವೂ ಆ ಸಂದುಗಳ ಮೂಲಕ ಒಂದನ್ನೊಂದು ಸರಿಗಟ್ಟುತ್ತವೆ. ಬಿರುಗಾಳಿ ಬಂದರೆ ಸೂರಂಚಿನ ಸಾಲೂ ನೆತ್ತಿಯ ಸಾಲೂ ಸರಿದು ಕೆಳಗೆ ಬಿದ್ದಾವು, ನಡುವಿನ ಮಾಡು ಉಳಿದೀತು. ಖಾನಾಪುರದ ಬಡಗಿಗಳು ಅಂಚಿನ ಎರಡು ಸಾಲುಗಳನ್ನು ತಂತಿಯಿಂದ ರೀಪಿಗೆ ಬಿಗಿಯುತ್ತಿದ್ದುದರಲ್ಲಿ ಯಾವ ಶಾಸ್ತ್ರಗ್ರಂಥವೂ ಕಲಿಸದ ವಿವೇಕವಿದ್ದಿತು.

ನಗರದಲ್ಲಿ ಇದಕ್ಕೆ ಮತ್ತೊಂದು ರಕ್ಷಣೆ ಸೇರಿತು. ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದ ಗಲ್ಲಿಗಳಲ್ಲಾಗಲಿ ಕೋಟೆಯ ಪಶ್ಚಿಮದ ಪೇಟೆಯಲ್ಲಾಗಲಿ ಮನೆಗೆ ಮನೆ ಒತ್ತಿಕೊಂಡು, ನಡುಗೋಡೆಯೊಂದನ್ನೇ ಇಬ್ಬರು ಹಂಚಿಕೊಂಡು, ಸಾಲುಸಾಲಾಗಿ ಒಂದೇ ಎತ್ತರಕ್ಕೆ ಇದ್ದುವು; ಗಾಳಿಗೆ ಎದುರಾದುದು ಸಾಲಿನ ತುದಿಯ ಮನೆ ಮಾತ್ರ. ದಂಡಿನ ಪ್ರದೇಶದ ಬಂಗಲೆಗಳೂ ಅನಂತರ ಬೆಳೆದ ಟಿಳಕವಾಡಿಯ ಮನೆಗಳೂ ಅಂಗಳ, ತೋಟ, ಮರಗಳ ನಡುವೆ ಬಿಡಿಬಿಡಿಯಾಗಿ ನಿಂತುವು. ಅವುಗಳ ಆಪತ್ತು ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಇದೇ ಟಿಳಕವಾಡಿಯ ಬಯಲಿನಲ್ಲಿ 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಡೇರೆಗಳ ಊರೊಂದು ಎದ್ದಿತು; ಸಭಾಮಂಟಪವಾಗಿ ನಿಂತುದು ಒಂದು ದೊಡ್ಡ ಸರ್ಕಸ್ ಡೇರೆ. ಆ ಬಟ್ಟೆಯ ನಗರಿ ಸುರಕ್ಷಿತವಾಗಿ ನಿಂತುದು ಸಂಘಟಕರ ದಕ್ಷತೆಯಿಂದಲೇ ಸರಿ. ಆದರೂ ಮಾಸ ಮಾರ್ಗಶಿರವಾಗಿ, ಆಕಾಶ ಶುಭ್ರವಾಗಿದ್ದುದೂ ಒಂದು ಉಪಕಾರವಾಯಿತು. ಏಪ್ರಿಲ್ ಮೇ ತಿಂಗಳಿನಲ್ಲಿ ಈ ಊರಿನಲ್ಲಿ ಮದುವೆಯ ಹಂದರ ಹಾಕಿಸಿದ ಹೆಣ್ಣಿನ ತಂದೆ ಮಧ್ಯಾಹ್ನ ಮೂರರ ಮೇಲೆ ಆಕಾಶವನ್ನು ನೋಡುವ ನೋಟವನ್ನು ಬಲ್ಲವರಿಗೆ ಈ ಮಾತಿನ ಅರ್ಥವಾದೀತು.

ಮಾಡಿನ ಚರಿತ್ರೆಯಲ್ಲಿ ದೊಡ್ಡ ಪಲ್ಲಟ ತಗಡಿನಿಂದ ಬಂದಿತು. ಅಲೆಅಲೆಯಾಗಿ ಮಡಿಸಿದ ಕಬ್ಬಿಣದ ತಗಡನ್ನು 1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಎಂಬ ಇಂಜಿನಿಯರನು ಕಂಡುಹಿಡಿದನು. ಹಡಗುಕಟ್ಟೆಗಳ ಗೋದಾಮಿಗೆಂದು ಹುಟ್ಟಿದ ವಸ್ತು ಅದು, ಮನೆಗೆಂದಲ್ಲ. ದಂಡಿನವರೂ ರೈಲಿನವರೂ ಅದನ್ನು ನಮ್ಮ ಕಡೆಗೆ ತಂದರು; ಸ್ವಾತಂತ್ರ್ಯಾನಂತರ, ಕಟ್ಟಿಗೆಯ ಬೆಲೆ ಏರಿ ಒಳ್ಳೆಯ ತೊಲೆ ಜಂತಿಗಳು ಸಾಮಾನ್ಯನ ಕೈಗೆಟುಕದಂತಾದಾಗ, ಬಡವನ ಮಾಡು ಕ್ರಮೇಣ ಪತ್ರಾಸಿನ, ಎಂದರೆ ಈ ತಗಡಿನ, ಮಾಡಾಯಿತು. ಪತ್ರಾಸಿಗೆ ನಾಲ್ಕು ಕಬ್ಬಿಣದ ಕೊಳವೆ ಸಾಕು, ಒಂದು ದಿನದ ಕೂಲಿ ಸಾಕು, ಹಂಚು ತಿರುವಿಸುವ ಕಷ್ಟವಿಲ್ಲ. ಈ ಸೌಕರ್ಯವನ್ನು ಯಾರೂ ಹಳಿಯಲಾಗದು. ಮಳೆಗೆ ಸೋರದ ಮಾಡಿನ ಕೆಳಗೆ ಮಲಗುವ ಆಸೆ ನ್ಯಾಯವಾದುದು. ಆದರೆ ತೂಕದ ಲೆಕ್ಕವನ್ನು ನೋಡಬೇಕು. ತೆಳುವಾದ ತಗಡಿನ ಭಾರ ಚದರ ಮೀಟರಿಗೆ ನಾಲ್ಕು ಕಿಲೋಗ್ರಾಮಿನ ಆಸುಪಾಸು, ಹಂಚಿನ ಹತ್ತರಲ್ಲೊಂದು ಪಾಲು. ಗಾಳಿಯ ಒತ್ತಡವೋ ವೇಗದ ವರ್ಗಕ್ಕನುಸಾರವಾಗಿ ಬೆಳೆಯುವಂಥದು: ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಗಂಟೆಗೆ 60 ಕಿಲೋಮೀಟರು ವೇಗದ ಗಾಳಿ ಚದರ ಮೀಟರಿಗೆ ಸುಮಾರು 17 ಕಿಲೋಗ್ರಾಮಿನಷ್ಟು ಒತ್ತಿದರೆ 90ರ ವೇಗದ್ದು 38ರಷ್ಟು ಒತ್ತುತ್ತದೆ. ಇಳಿಜಾರು ಕಡಿಮೆಯಾದ ಮಾಡಿನ ಮೇಲೆ ಹಾದುಹೋಗುವ ಗಾಳಿ ಕೆಳಕ್ಕೆ ಒತ್ತದೆ ಮೇಲಕ್ಕೆ ಹೀರುತ್ತದೆ; ಗಾಳಿಯ ಕಡೆಯ ಬಾಗಿಲು ತೆರೆದಿದ್ದರೆ ಒಳಹೊಕ್ಕ ಗಾಳಿ ಕೆಳಗಿನಿಂದ ಎತ್ತುತ್ತದೆ. ಆಗ ಹಂಚಿನ ಮಾಡನ್ನು ಹಿಡಿದಿಡುವುದು ಅದರ ತೂಕ. ಪತ್ರಾಸನ್ನು ಹಿಡಿದಿಡುವುದು ಕೊಕ್ಕೆಮೊಳೆಗಳು ಮಾತ್ರ. ಮೊಳೆಯನ್ನು ಉಳಿಸಿದವನು, ಅಥವಾ ಮೊಳೆಗೆ ಹಣವಿಲ್ಲದೆ ಪತ್ರಾಸಿನ ಮೇಲೆ ಕಲ್ಲುಗಳನ್ನು ಹೇರಿದವನು, ಒಂದು ಸಂಜೆ ತನ್ನ ಮಾಡನ್ನು ಪಕ್ಕದ ಓಣಿಯ ತಂತಿಯ ಮೇಲೆ ಕಾಣುತ್ತಾನೆ. ಹೇರಿದ ಕಲ್ಲುಗಳು ಮನೆಯೊಳಗೆ, ಮಲಗುವ ಕಡೆಯಲ್ಲಿ ಬಿದ್ದಿರುತ್ತವೆ. ಈ ಕಾಲದ ಗಾಳಿಹಾನಿಯಲ್ಲಿ ನನ್ನನ್ನು ಅತ್ಯಂತ ಕಲಕುವ ಸಂಗತಿ ಇದು. ಹುಲ್ಲಿನ ಮಾಡು ಹಾರಿದರೆ ಮನೆಯವನಿಗಷ್ಟೇ ನಷ್ಟ. ಹಾರುವ ತಗಡು ದಾರಿಯಲ್ಲಿದ್ದವನ ಕೊರಳಿಗೂ ಅಪಾಯಕಾರಿ.

ಭಾರತೀಯ ಮಾನಕ ಸಂಸ್ಥೆ ಕಟ್ಟಡಗಳು ತಾಳಬೇಕಾದ ಗಾಳಿಯ ವೇಗಕ್ಕೊಂದು ನಕ್ಷೆಯನ್ನು ಮಾಡಿದೆ. ದೇಶವನ್ನು ಸೆಕೆಂಡಿಗೆ 33 ಮೀಟರಿನಿಂದ 55 ಮೀಟರಿನವರೆಗೆ ಆರು ವಲಯಗಳಾಗಿ ಅದು ವಿಂಗಡಿಸುತ್ತದೆ. ಬೆಂಗಳೂರಿಗೆ 33, ಮಂಗಳೂರಿಗೆ 39. ಅತಿ ಕಡಿಮೆಯದೆಂದ 33 ಮೀಟರೇ ಗಂಟೆಗೆ 119 ಕಿಲೋಮೀಟರುಗಳಿಗೆ ಸಮನಾದುದು. ಕಾರ್ಖಾನೆಯ ಶೆಡ್ಡು ಕಟ್ಟುವ ಇಂಜಿನಿಯರನು ಈ ನಕ್ಷೆಯನ್ನು ತೆರೆದು ನೋಡುತ್ತಾನೆ; ತನ್ನ ಸಿಮೆಂಟ್ ಛಾವಣಿಯ ಮೇಲೆ ಬಟ್ಟೆ ಒಣಗಿಸಲೆಂದು, ಸೋರಿಕೆ ತಡೆಯಲೆಂದು ಪತ್ರಾಸಿನ ಚಪ್ಪರವನ್ನು ಕೂಡಿಸುವ ಗೃಹಸ್ಥನಾಗಲಿ, ಅದನ್ನು ಬೆಸೆದುಕೊಡುವ ವೆಲ್ಡಿಂಗಿನವನಾಗಲಿ ಅದನ್ನು ಕಂಡವರಲ್ಲ. ಎರಡು ಮೂರು ಅಂತಸ್ತಿನ ಮೇಲೆ, ಯಾವ ಮರೆಯೂ ಇಲ್ಲದ ಎತ್ತರದಲ್ಲಿ, ಅತ್ಯಂತ ಹಗುರವಾದ ಮಾಡು! ಹಳೆಯ ಗಲ್ಲಿಯಲ್ಲಿ ಒಂದೇ ಎತ್ತರಕ್ಕಿದ್ದ ಸಾಲು ಮುರಿದು ನಡುನಡುವೆ ಎತ್ತರದ ಮನೆಗಳೆದ್ದ ಮೇಲೆ, ಅವುಗಳ ಮಗ್ಗುಲಿನ ಹಂಚಿನ ಮನೆಗೆ ಹಿಂದೆಂದೂ ಇಲ್ಲದ ಸುಳಿಗಾಳಿ ಬಡಿಯತೊಡಗಿದೆ.

ವಡಗಾವಿ, ಖಾಸಬಾಗ, ಶಹಾಪುರಗಳ ನೇಕಾರರ ಕಥೆ ಇನ್ನೂ ಕಠಿಣವಾದುದು. ಅಲ್ಲಿ ಮನೆಯೇ ಕಾರ್ಖಾನೆ. ಮುಂದೆ ವಾಸ, ಹಿಂದೆ ಪತ್ರಾಸಿನ ಕೆಳಗೆ ಮಗ್ಗ. ಮಾಡು ಹಾರಿದಾಗ ಮಗ್ಗದ ಮೇಲೆ ಸಾವಿರಾರು ಎಳೆಗಳ ಹಾಸು ಬಿಗಿದಿರುತ್ತದೆ. ಗಾಳಿಯ ಬೆನ್ನಿಗೇ ಬರುವ ಮಳೆ ಅದರ ಮೇಲೆ ಸುರಿದರೆ ಬಣ್ಣ ಬಿಡುತ್ತದೆ, ಗಂಜಿ ಕರಗುತ್ತದೆ, ಎಳೆಗೆ ಎಳೆ ಅಂಟುತ್ತದೆ. ಮಗ್ಗದ ಕಬ್ಬಿಣಕ್ಕೆ ತುಕ್ಕು, ಮೋಟಾರಿಗೆ ನೀರು. ಹಾನಿಯ ಪಟ್ಟಿಯಲ್ಲಿ ಹತ್ತು ಪತ್ರಾಸುಗಳೆಂದು ಬರೆಯಲ್ಪಟ್ಟಲ್ಲಿ ವಾಸ್ತವವಾಗಿ ಹೋದುದು ಒಂದು ತಿಂಗಳ ದುಡಿಮೆ. ಮರುದಿನ ಬೆಳಿಗ್ಗೆ ಓಣಿಯಲ್ಲಿ ಎದ್ದವರೆಲ್ಲ ಒಬ್ಬರನ್ನೊಬ್ಬರು ಕೇಳುವ ಮಾತು, “ನಿಮ್ಮೂ ಎಷ್ಟ ಹಾರ್ಯಾವ್ರಿ, ಕಾಕಾ?” ಎಂಬುದು, ಆ ಲೆಕ್ಕದಲ್ಲಿ ಪತ್ರಾಸುಗಳು ಬರುತ್ತವೆ, ಹಾಸು ಬರುವುದಿಲ್ಲ.

ಬಂಗಲೆಗಳ ಕಡೆಯ ಆಪತ್ತು ಬೇರೆಯೆಂದೆನಷ್ಟೆ; ಅದು ಮರದ್ದು. ದಂಡಿನ ಪ್ರದೇಶದ ಹಾದಿಗಳಿಗೂ ಟಿಳಕವಾಡಿಯ ಬೀದಿಗಳಿಗೂ ನೆರಳಿತ್ತ ಮರಗಳಲ್ಲಿ ಅನೇಕವು ಪರದೇಶದವು. ಗುಲ್‌ಮೊಹರ್ ಮಡಗಾಸ್ಕರದಿಂದ ಬಂದುದು, ಮಳೆಮರ ಅಮೆರಿಕ ಖಂಡದಿಂದ ಬಂದುದು. ಬೇಗ ಬೆಳೆದು ಹರವಾದ ಕೊಡೆ ಬಿಡಿಸುವ ಈ ಮರಗಳ ಕಟ್ಟಿಗೆ ನಮ್ಮ ಹುಣಿಸೆ ಬೇವುಗಳಷ್ಟು ಗಟ್ಟಿಯಲ್ಲ. ಗುಲ್‌ಮೊಹರ್ ಹೂವಿನ ಭಾರದಿಂದ ಬಾಗುವ ಮೇ ತಿಂಗಳೇ ಬಿರುಗಾಳಿಯ ತಿಂಗಳೂ ಆಗಿದೆ. ಸೂಕ್ಷ್ಮವಾಗಿ ನೋಡಿದವರಿಗೆ ಇಲ್ಲೊಂದು ಭೇದ ತಿಳಿಯುತ್ತದೆ. ಬೇಸಗೆಯ ಗಾಳಿಗೆ ನೆಲ ಒಣಗಿ ಗಟ್ಟಿಯಾಗಿರುವುದರಿಂದ ಬೇರು ನಿಲ್ಲುತ್ತದೆ, ಕೊಂಬೆ ಮುರಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ನೆಲ ನೆನೆದು ಮೆತ್ತಗಾದ ಮೇಲೆ ಸಾಧಾರಣ ಗಾಳಿಗೂ ಇಡೀ ಮರ ಬುಡಮೇಲಾಗುತ್ತದೆ. ಬೇಸಗೆಯಲ್ಲಿ ಬುಡಮೇಲಾದ ಮರವಿದ್ದರೆ ಅದರ ಬೇರನ್ನು ನೋಡಬೇಕು. ಗಟಾರಕ್ಕೋ ಕೊಳವೆಗೋ ಹಾದಿಯ ಅಗಲೀಕರಣಕ್ಕೋ ಒಂದು ಕಡೆಯ ಬೇರನ್ನು ಕಡಿದ ಗುರುತು, ಅಥವಾ ಕಾಂಡದ ಕೊರಳಿನವರೆಗೆ ಮೆತ್ತಿದ ಕಾಂಕ್ರೀಟು, ಸಾಮಾನ್ಯವಾಗಿ ಅಲ್ಲಿ ಕಾಣಸಿಗುತ್ತದೆ.

ಮರ ಬಿದ್ದಲ್ಲಿ ತಂತಿ ಬೀಳುತ್ತದೆ, ತಂತಿಯೊಡನೆ ಕಂಬ. ನಗರದಲ್ಲಿ ಆ ರಾತ್ರಿಯೊಳಗೆ, ತಪ್ಪಿದರೆ ಮರುದಿನ ಬೆಳಕು ಬಂದೀತು. ಭೀಮಗಡದ ಅರಣ್ಯದೊಳಗಿನ ಆಮಗಾವ, ಗವಾಳಿ, ಕೊಂಗಳಗಳಂಥ ಹಳ್ಳಿಗಳಿಗೆ ಕಾಡಿನ ನಡುವೆ ಮೈಲುಗಟ್ಟಲೆ ಬರುವ ತಂತಿಯ ಮೇಲೆ ಎಲ್ಲಿ ಮರ ಮಲಗಿದೆಯೆಂದು ಹುಡುಕುವುದರಲ್ಲಿಯೇ ದಿನಗಳು ಕಳೆಯುತ್ತವೆ. ಕೊಡಲಿ ಹೆಗಲಿಗೆ ಹಾಕಿ, ತೋಯ್ದ ಕಾಡಿನಲ್ಲಿ ಕಂಬದಿಂದ ಕಂಬಕ್ಕೆ ನಡೆಯುವ ಲೈನ್‌ಮನ್ನನ ಸೇವೆಯನ್ನು ಕೃತಜ್ಞತೆಯಿಂದ ನೆನೆಯದೆ ಈ ಚರಿತ್ರೆ ಪೂರ್ಣವಾಗದು.

ಹೆಸರು ಪಡೆದ ಎರಡು ಪ್ರಸಂಗಗಳನ್ನು ಇಲ್ಲಿ ಹೇಳಬೇಕು, ಏಕೆಂದರೆ ಹೆಸರಿನ ಮಹಿಮೆ ಅವುಗಳಿಂದ ತಿಳಿಯುತ್ತದೆ. 2014ರ ಫೆಬ್ರವರಿಯ ಕೊನೆಯಿಂದ ಮಾರ್ಚಿನ ನಡುವಿನವರೆಗೆ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಅಕಾಲದ ಆಣೆಕಲ್ಲು ಬಿದ್ದು ದ್ರಾಕ್ಷಿ, ದಾಳಿಂಬೆ, ಜೋಳದ ಪೈರುಗಳು ನೆಲಕಚ್ಚಿದುವು. ಹಾನಿ ಅಗಾಧವಾದುದರಿಂದ ಅದು ನೆನಪಿನಲ್ಲುಳಿಯಿತು. 2021ರ ಮೇ ತಿಂಗಳಿನಲ್ಲಿ ಅರಬ್ಬೀ ಸಮುದ್ರದಲ್ಲೆದ್ದ ತೌಕ್ತೆ ಚಂಡಮಾರುತವು ಕರಾವಳಿಯ ಗುಂಟ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿನ ತೀರವನ್ನು ಹೊಕ್ಕಿತು. ಅದು ಗೋವೆಯ ಹೊರಗೆ ಹಾದುಹೋಗುತ್ತಿದ್ದಾಗ ಖಾನಾಪುರದ ಕಾಡುಗಳೂ ಬೆಳಗಾವಿಯ ಬೀದಿಗಳೂ ಅದರ ಸೆರಗಿನ ಗಾಳಿಯಲ್ಲಿ ಸಿಕ್ಕಿಬಿದ್ದುವು. ಮಹಾಮಾರಿಯ ನಿರ್ಬಂಧದಿಂದ ಬೀದಿಗಳು ನಿರ್ಜನವಾಗಿದ್ದ ದಿನಗಳವು. ಚಂಡಮಾರುತವಾದುದರಿಂದ ದಿನಗಳ ಮುಂಚೆಯೇ ಸೂಚನೆಯಿತ್ತು, ಹೆಸರಿತ್ತು, ದಾರಿಯ ನಕ್ಷೆಯಿತ್ತು. ಅದರ ಹಿಂದುಮುಂದಣ ವರ್ಷಗಳ ಹೆಸರಿಲ್ಲದ ಅಡ್ಡಮಳೆಗಳು ಒಂದೊಂದಾಗಿ ಚಿಕ್ಕವು. ಆದರೆ ಯಾವ ಸೂಚನೆಯೂ ಇಲ್ಲದೆ ಬಂದು ಹತ್ತು ಮನೆಗಳ ಮಾಡನ್ನು ಕಿತ್ತ ಸಂಜೆ ಆ ಹತ್ತು ಮನೆಗಳ ಪಾಲಿಗೆ ತೌಕ್ತೆಗಿಂತ ಚಿಕ್ಕದೆಂದು ಯಾರು ಹೇಳಬಲ್ಲರು?

ಸೂಚನೆಯ ವ್ಯವಸ್ಥೆ ಈಗ ಮೊದಲಿನಂತಿಲ್ಲವೆಂಬುದು ಸಂತೋಷದ ಮಾತು. ಮುಂದಿನ ಮೂರು ಗಂಟೆಗಳಲ್ಲಿ ಇಂಥ ಜಿಲ್ಲೆಯಲ್ಲಿ ಇಷ್ಟು ವೇಗದ ಗಾಳಿ ಬೀಸೀತೆಂದು ಹವಾಮಾನ ಇಲಾಖೆ ಹೇಳುತ್ತದೆ. 1988ರಲ್ಲಿ ಬರದ ಮೇಲ್ವಿಚಾರಣೆಗೆಂದು ಹುಟ್ಟಿದ ರಾಜ್ಯದ ಕೇಂದ್ರವು ಇಂದು ಎಲ್ಲ ಬಗೆಯ ನೈಸರ್ಗಿಕ ವಿಕೋಪಗಳ ಮೇಲೆಯೂ ಕಣ್ಣಿಟ್ಟಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2020ರಲ್ಲಿ ಸಿದ್ಧಪಡಿಸಿದ ದಾಮಿನಿ ಎಂಬ ಸಾಧನ ಸಿಡಿಲಿನ ಸಾಮೀಪ್ಯವನ್ನು ಮೊಬೈಲಿನಲ್ಲಿ ತಿಳಿಸುತ್ತದೆ. ಮೂರು ಗಂಟೆಯ ಅವಧಿ ದನಗಳನ್ನು ಕಟ್ಟಲು, ಮಕ್ಕಳನ್ನು ಒಳಗೆ ಕರೆದುಕೊಳ್ಳಲು ಸಾಕು. ಮಾಡನ್ನು ಬಿಗಿಯಲು ಸಾಲದು. ಅದಕ್ಕೆ ಬೇಕಾದುದು ಬೇಸಗೆಗೆ ಮುಂಚಿನ ಕೈಗೆಲಸ.

ಪರಿಹಾರದ ಮಾತಂತೂ ನಾಜೂಕಿನದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ತರುವಾಯ ಕೇಂದ್ರದ ನೆರವಿಗೆ ಅರ್ಹವಾದ ವಿಪತ್ತುಗಳ ಪಟ್ಟಿ ಬಹುಕಾಲ ಹನ್ನೆರಡರದಾಗಿ ನಡೆದುಬಂದಿತು. ಚಂಡಮಾರುತ ಅದರಲ್ಲಿತ್ತು, ಆಣೆಕಲ್ಲು ಇತ್ತು, ಮೇಘಸ್ಫೋಟ, ಕೀಟಬಾಧೆಗಳೂ ಇದ್ದುವು. ಗುಡುಗಿನೊಡನೆ ಬರುವ ಬಿರುಗಾಳಿ ಇರಲಿಲ್ಲ, ಸಿಡಿಲೂ ಇರಲಿಲ್ಲ. ಅಂಥವನ್ನು ಸ್ಥಳೀಯ ವಿಪತ್ತೆಂದು ಸಾರಿ ತಮ್ಮ ವಿಪತ್ತು ನಿಧಿಯ ಹತ್ತನೆಯ ಒಂದು ಭಾಗದವರೆಗೆ ವೆಚ್ಚಮಾಡುವ ಅಧಿಕಾರ ರಾಜ್ಯಗಳಿಗೆ ದೊರೆಯಿತು. ಒಂದೇ ಮೋಡದಿಂದ ಇಳಿದ ಕಲ್ಲಿಗೆ ಪಟ್ಟಿಯಲ್ಲಿ ಸ್ಥಾನವಿದ್ದು ಗಾಳಿಗೆ ಇಲ್ಲದಿದ್ದುದು ಮನೆ ಕಳೆದುಕೊಂಡವನಿಗೆ ಹೇಗೆ ಅರ್ಥವಾಗಬೇಕು? ಗಾಳಿ ನಿಂತ ಮರುದಿನ ತಲಾಠಿ ಬರುತ್ತಾನೆ, ಪಂಚನಾಮೆಯಾಗುತ್ತದೆ, ನಾಲ್ವರ ಸಹಿಯಾಗುತ್ತದೆ. ಕಾಗದ ತಹಶೀಲ್ದಾರರ ಕಚೇರಿಗೆ ಹೋಗುತ್ತದೆ. ಈ ಪಂಚನಾಮೆಗಳೇ ಗಾಳಿಯ ಏಕಮಾತ್ರ ಬಖೈರು. ಖಾನಾಪುರ, ಬೆಳಗಾವಿ ತಾಲೂಕುಗಳ ಐವತ್ತು ವರ್ಷಗಳ ಪಂಚನಾಮೆಗಳನ್ನು ಊರು, ತಿಥಿ, ಮಾಡಿನ ಬಗೆಗಳೊಡನೆ ಯಾರಾದರೂ ಒಂದುಗೂಡಿಸಿದರೆ, ಯಾವ ಓಣಿಗೆ ಎಂಥ ಮಾಡು ತಾಳುತ್ತದೆಂಬುದನ್ನು ಆ ರಾಶಿಯೇ ಹೇಳೀತು. ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ತಾಮ್ರಪಟಗಳಿಗೆ ತೋರಿಸುವ ಶ್ರದ್ಧೆಯ ಒಂದಂಶವನ್ನು ಈ ಕಾಗದಗಳ ಕಡೆಗೆ ತಿರುಗಿಸಲೆಂದು ಹೃದಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ.

ಆ ಕೆಲಸಕ್ಕೆ ಇಳಿಯುವವರು ಒಂದು ಸಂಗತಿಯನ್ನು ಎಚ್ಚರದಿಂದ ಗಮನಿಸಬೇಕು. ಮೇ ತಿಂಗಳ ನಡುವಿನಲ್ಲಿ ಮಾಡು ಹೋದ ಮನೆಗೆ ಮೃಗಶಿರಾದವರೆಗೆ ದೊರೆಯುವ ಸಮಯ ಮೂರು ವಾರಕ್ಕಿಂತ ತುಸು ಹೆಚ್ಚು, ಅಷ್ಟೇ. ಅಷ್ಟರೊಳಗೆ ಪತ್ರಾಸು ಕೊಳ್ಳಲು ಹಣ ಕೂಡಬೇಕು, ಎಲ್ಲರ ಮನೆಯೂ ಒಟ್ಟಿಗೇ ಕೆಟ್ಟಿರುವುದರಿಂದ ಬಡಗಿಯ ಸರದಿ ಬರಬೇಕು, ಕಚೇರಿಯ ಕಾಗದ ಸಾಗಬೇಕು. ಸಾಗದಿದ್ದವನು ತಾಡಪತ್ರಿಯೊಂದನ್ನು ಹೊದಿಸಿ ಹಗ್ಗದಿಂದ ಕಟ್ಟಿ ಮಳೆಗಾಲವನ್ನು ಎದುರುಗೊಳ್ಳುತ್ತಾನೆ. ಜಾಂಬೋಟಿ, ಕಣಕುಂಬಿಗಳ ಕಡೆಗೆ ಮುಂಗಾರು ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡದು. ತಾಡಪತ್ರಿಯ ಅಂಚಿನಿಂದ ಇಳಿದ ನೀರು ಮಣ್ಣಿನ ಗೋಡೆಯ ತಲೆಯನ್ನು ದಿನವೂ ನೆನೆಸುತ್ತ ಹೋಗಿ, ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಒಂದು ರಾತ್ರಿ ಆ ಗೋಡೆ ಕುಸಿಯುತ್ತದೆ. ದಫ್ತರದಲ್ಲಿ ಅದು ಅತಿವೃಷ್ಟಿಯಿಂದ ಬಿದ್ದ ಮನೆಯೆಂದು ದಾಖಲಾಗುತ್ತದೆ. ಅದನ್ನು ಬೀಳಿಸಲು ಆರಂಭಿಸಿದುದು ಮೇ ತಿಂಗಳ ಗಾಳಿಯೆಂಬುದನ್ನು ಆ ಮನೆಯವರಷ್ಟೇ ಬಲ್ಲರು.